ಪ್ಲೇಯರ್ಸ್ 1938ರ ಕ್ರಿಕೆಟ್ ಕಾರ್ಡ್‌ಗಳು: ಹರಾಜೋ, ಲಾಟೋ, ಹಳೇ ಡೀಲರೋ?

ಹಳೇ ಸಿಗರೇಟ್ ಕಾರ್ಡ್‌ಗಳ ಸೆಟ್ ಒಂದನ್ನು ಮನೆಯಲ್ಲೇ ಕೂತು, ಆನ್‌ಲೈನಿನಲ್ಲಿ ಕೊಂಡು ಪೂರ್ತಿ ಮಾಡಬೇಕು ಅಂದರೆ ಇಲ್ಲಿ ಇಂಗ್ಲೆಂಡಿನಲ್ಲಿ ಮುಖ್ಯವಾಗಿ ಮೂರು ದಾರಿ. ಹರಾಜಿನ ಸೈಟ್‌ನಲ್ಲಿ ಒಂದೊಂದೇ ಕಾರ್ಡ್ ಹಿಡಿಯುವುದು. ಅರ್ಧಂಬರ್ಧ ಸೆಟ್‌ಗಳನ್ನು ಲಾಟ್ ಲೆಕ್ಕದಲ್ಲಿ, ಅಂದರೆ ಇದ್ದಷ್ಟೂ ಕಾರ್ಡ್‌ಗಳನ್ನು ಒಟ್ಟಿಗೆ ಒಂದೇ ಬೆಲೆಗೆ, ಎತ್ತುವುದು. ಇಲ್ಲವೇ ಈ ಕಾರ್ಡ್‌ಗಳನ್ನೇ ಕಸುಬು ಮಾಡಿಕೊಂಡ ಡೀಲರ್‌ಗೆ ನಂಬರ್‌ಗಳ ಪಟ್ಟಿ ಕೊಟ್ಟು ಬಿಡಿ ಕಾರ್ಡ್ ತರಿಸುವುದು. ಮೂರನ್ನೂ ಮಾಡಿ ನೋಡಿದ್ದೇನೆ. ನನ್ನ ಓಟು ಡೀಲರ್‌ಗೆ. ಬೆಲೆ ಜಾಸ್ತಿ, ಕೆಲಸ ನಿಧಾನ, ಎಷ್ಟೋ ಸಲ ಕಾರ್ಡಿನ ಫೋಟೊ ಕೂಡ ಇರುವುದಿಲ್ಲ. ಆದರೂ ಅವರಿಗೇ.

ಕಾರ್ಡ್‌ಗಳ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 19ನೇ ಶತಮಾನದ ಕೊನೆಗೆ ಸಿಗರೇಟ್ ಪೊಟ್ಟಣಗಳು ಮೆತ್ತಗಿರುತ್ತಿದ್ದವು. ಒಳಗಿನ ಸಿಗರೇಟು ಬಾಗದಿರಲಿ ಅಂತ ಒಂದು ರಟ್ಟಿನ ತುಂಡು ಇಡುತ್ತಿದ್ದರು. ಖಾಲಿ ರಟ್ಟು ಯಾಕೆ, ಚಿತ್ರ ಹಾಕೋಣ ಅಂತ ಕಂಪನಿಗಳಿಗೆ ಹೊಳೆಯಿತು. ಸೆಟ್ ಪೂರ್ತಿ ಆಗಬೇಕಾದರೆ ಅದೇ ಬ್ರ್ಯಾಂಡ್ ಸೇದುತ್ತಿರಬೇಕಲ್ಲ! ನಾಟಿಂಗ್‌ಹ್ಯಾಮಿನ ಜಾನ್ ಪ್ಲೇಯರ್ ಅಂಡ್ ಸನ್ಸ್ 1930, 1934 ಮತ್ತು 1938ರಲ್ಲಿ ಕ್ರಿಕೆಟಿಗರ ಸೆಟ್ ತಂದಿತು. ಒಂದೊಂದರಲ್ಲೂ 50 ಕಾರ್ಡ್. ವರ್ಷಗಳನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ. ಮೂರೂ ಬೇಸಿಗೆಯಲ್ಲಿ ಆಸ್ಟ್ರೇಲಿಯಾ ತಂಡ ಆಷಸ್ ಆಡಲು ಇಂಗ್ಲೆಂಡಿಗೆ ಬಂದಿತ್ತು.

ನಾನು ಹಿಡಿದದ್ದು 1938ರ ಸೆಟ್. ಒಂದು ಕಡೆ ಇಂಗ್ಲೆಂಡಿನ ನಾಯಕ ಹ್ಯಾಮಂಡ್, ಇನ್ನೊಂದು ಕಡೆ ಬ್ರಾಡ್ಮನ್. ಜೊತೆಗೆ ಹಟನ್. ಅದೇ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ ಹಟನ್ 364 ಹೊಡೆದರು, ಇಂಗ್ಲೆಂಡ್ 7 ವಿಕೆಟ್‌ಗೆ 903 ಮಾಡಿ ಡಿಕ್ಲೇರ್ ಮಾಡಿತು. ಮರುವರ್ಷ ಯುದ್ಧ ಶುರುವಾಯಿತು. 1940ರ ಹೊತ್ತಿಗೆ ಕಾಗದದ ಅಭಾವದಿಂದ ಕಾರ್ಡ್‌ಗಳೇ ನಿಂತುಹೋದವು. ಹಾಗಾಗಿ ಪ್ಲೇಯರ್ಸ್ ಸಿಗರೇಟಿನ ಪೊಟ್ಟಣದಲ್ಲಿ ಬಂದ ಕ್ರಿಕೆಟಿಗರ ಸಾಲಿನಲ್ಲಿ ಇದೇ ಕೊನೆಯದು. ನಮ್ಮ ಕಡೆಯವರೊಬ್ಬರು ಇರಲೇಬೇಕು ಅನ್ನುವವರು 1934ರ ಸೆಟ್ ಹಿಡಿಯಿರಿ, ಅದರಲ್ಲಿ ಪಟೌಡಿಯ ನವಾಬರಿದ್ದಾರೆ, ಮಗ ಅಲ್ಲ, ಅಪ್ಪ.

ಇವು ಅಪರೂಪದ ಕಾರ್ಡ್‌ಗಳಲ್ಲ. ಸಿಗರೇಟಿನ ಜೊತೆ ಲೆಕ್ಕವಿಲ್ಲದಷ್ಟು ಅಚ್ಚಾಗಿ ಮನೆಮನೆಗೆ ಹೋದವು. ಅಮೆರಿಕದ ಟಾಪ್ಸ್ ಕಂಪನಿಯ 1952ರ ಸೆಟ್‌ನ ಮಿಕಿ ಮ್ಯಾಂಟಲ್ ಬೇಸ್‌ಬಾಲ್ ಕಾರ್ಡ್ ಒಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯಿತಲ್ಲ, ಆ ಲೋಕವೇ ಬೇರೆ. ಇಲ್ಲಿ ಸಾಮಾನ್ಯ ಆಟಗಾರನ ಕಾರ್ಡಿಗೆ ಒಂದೆರಡು ಪೌಂಡ್. ಅದಕ್ಕೇ ನನ್ನಂಥವನು ಕೈ ಹಾಕಿದ್ದು. ತಿಂಗಳಿಗೆ ಹದಿನೈದು ಪೌಂಡ್‌ಗಿಂತ ಜಾಸ್ತಿ ಇದಕ್ಕೆ ಖರ್ಚು ಮಾಡಬಾರದು ಅಂತ ಮನೆಯಲ್ಲಿ ಒಪ್ಪಂದ ಆಗಿದೆ. ಕಾರ್ಡ್‌ಗಳ ಬಗ್ಗೆ ನಮ್ಮಾಕೆಗೆ ತಕರಾರಿಲ್ಲ, ಬಾಗಿಲಿಗೆ ಬರುವ ಲಕೋಟೆಗಳ ಬಗ್ಗೆ ಇದೆ.

ಪೂರ್ತಿ ಸೆಟ್ಟನ್ನೇ ಒಂದೇ ಏಟಿಗೆ ಕೊಂಡುಬಿಟ್ಟರೆ? ಅದು ಎಲ್ಲಕ್ಕಿಂತ ಅಗ್ಗ. ಬಿಡಿಬಿಡಿಯಾಗಿ ನಾನು ಕೊಟ್ಟದ್ದನ್ನು ಕೂಡಿಸಿದರೆ ಒಳ್ಳೆ ಸ್ಥಿತಿಯ ಪೂರ್ತಿ ಸೆಟ್ಟಿನ ಬೆಲೆಯ ಹತ್ತಿರ ಹತ್ತಿರ ಒಂದೂವರೆ ಪಟ್ಟು ಆಗಿದೆ. ಸುಮ್ನೆ ಸೆಟ್ ಬೇಕು, ಗೋಡೆಗೆ ಫ್ರೇಮ್ ಹಾಕಿಸಬೇಕು ಅನ್ನುವವರು ಹಾಗೇ ಮಾಡಿ, ಮುಂದಕ್ಕೆ ಓದುವ ಅಗತ್ಯವೂ ಇಲ್ಲ. ನನಗೆ ಒಂದೊಂದೇ ಖಾನೆ ತುಂಬುವುದರಲ್ಲೇ ಮಜಾ.

ಲಾಟ್‌ನಿಂದ ಶುರು ಮಾಡುತ್ತೇನೆ, ನಾನೂ ಅಲ್ಲಿಂದಲೇ ಶುರು ಮಾಡಿದ್ದು. ಯಾರದೋ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಸಿಕ್ಕ ಬಿಸ್ಕತ್ ಡಬ್ಬಿ, ಅದರಲ್ಲಿ ಮೂವತ್ತೈದೋ ನಲವತ್ತೋ ಕಾರ್ಡ್, ಅರ್ಧ ಡಜನ್ ಡಬಲ್. ಒಂದೊಂದು ಕಾರ್ಡ್ ಎಣಿಸಿದರೆ ಲಾಟ್‌ನಷ್ಟು ಅಗ್ಗ ಯಾವುದೂ ಇಲ್ಲ. ಇನ್ನೊಂದು ಲಾಭವನ್ನು ಯಾರೂ ಹೇಳುವುದಿಲ್ಲ. ಒಂದೇ ಮನೆಯಲ್ಲಿ, ಒಂದೇ ಡಬ್ಬಿಯಲ್ಲಿ ಎಂಬತ್ತು ವರ್ಷ ಕಳೆದ ಕಾರ್ಡ್‌ಗಳ ಬಣ್ಣ ಒಂದೇ ತರಹ ಮಾಗಿರುತ್ತದೆ. ಬೇರೆ ಬೇರೆ ಕಡೆಯಿಂದ ತಂದವನ್ನು ಹತ್ತು ಜೇಬಿನ ಆಲ್ಬಂ ಹಾಳೆಯಲ್ಲಿ ಪಕ್ಕ ಪಕ್ಕ ಇಟ್ಟು ನೋಡಿ. ಒಂದು ಬಿಳಿ, ಒಂದು ಕೆನೆ, ಒಂದು ಬೀಡಿ ಹೊಗೆ ಬಣ್ಣ.

ಆದರೆ ಲಾಟ್‌ನಲ್ಲಿ ಬ್ರಾಡ್ಮನ್ ಇರುವುದಿಲ್ಲ. ಹ್ಯಾಮಂಡ್, ಹಟನ್ ಕೂಡ ಸಿಕ್ಕರೆ ಪುಣ್ಯ. ಹೀಗಾಗುವುದು ಕಾಕತಾಳೀಯ ಅಲ್ಲ. ಮಾರುವವರ ಕೈಗೆ ಬರುವ ಮೊದಲೇ ಯಾರೋ ಒಬ್ಬರು ಆರಿಸಿಕೊಂಡಿರುತ್ತಾರೆ, ಇಲ್ಲವೇ ಮಾರುವವರೇ ದುಡ್ಡು ಬರುವವನ್ನು ತೆಗೆದು ಬೇರೆ ಮಾರುತ್ತಾರೆ. ಎರಡನೇ ಲಾಟ್ ತೆಗೆದುಕೊಂಡರೆ ಇರುವ ಕಾರ್ಡ್‌ಗಳೇ ಮತ್ತೆ ಬರುತ್ತವೆ, ಇಲ್ಲದವು ಇಲ್ಲದೇ ಉಳಿಯುತ್ತವೆ. ಹಾಗಾಗಿ ಲಾಟ್ ಅಡಿಪಾಯಕ್ಕೆ ಸರಿ. ಒಂದು ಸಾಕು.

ಇನ್ನು ಹರಾಜಿನ ಸೈಟ್. ಸೈಟ್‌ನ ಹೆಸರು ಬರೆಯುವುದಿಲ್ಲ, ತಪ್ಪು ಸೈಟ್‌ನದಕ್ಕಿಂತ ಹೆಚ್ಚಾಗಿ ಅಲ್ಲಿ ಮಾರುವವರದು. ಆಯ್ಕೆ ಅಲ್ಲಿ ಧಾರಾಳ. ಬೇಕಾದ ನಂಬರ್ ಟೈಪ್ ಮಾಡಿದರೆ ಕಾರ್ಡ್ ಎದುರಿಗೆ. ಒಮ್ಮೊಮ್ಮೆ ಯಾರೂ ಗಮನಿಸದ ಹರಾಜಿನಲ್ಲಿ ಚಿಲ್ಲರೆ ಕಾಸಿಗೆ ಒಳ್ಳೆ ಕಾರ್ಡ್ ಸಿಕ್ಕಿದ್ದೂ ಇದೆ. ರಾತ್ರಿ ಹತ್ತು ಗಂಟೆಗೆ ಕೊನೆಯ ಸೆಕೆಂಡಿನ ಬಿಡ್ ಹಾಕುವ ಚಟ ಇರುವವರಿಗೆ ಇದಕ್ಕಿಂತ ಸುಖ ಇಲ್ಲ. ಇಷ್ಟೆಲ್ಲ ಇದ್ದೂ ನಾನು ಅಲ್ಲಿಂದ ಎದ್ದು ಬಂದದ್ದು ಒಂದೇ ಕಾರಣಕ್ಕೆ. ಅಂಟು.

1938ರ ಈ ಕಾರ್ಡ್‌ಗಳ ಹಿಂಬದಿಗೆ ಅಂಚೆಚೀಟಿಗೆ ಹಚ್ಚಿದಂತೆ ಅಂಟು ಹಚ್ಚಿಯೇ ಪೊಟ್ಟಣಕ್ಕೆ ಹಾಕುತ್ತಿದ್ದರು. ತಂಬಾಕಿನ ಅಂಗಡಿಯಲ್ಲೇ ಒಂದು ಪೆನ್ನಿ ನಾಣ್ಯಕ್ಕೆ ಆಲ್ಬಂ ಸಿಗುತ್ತಿತ್ತು. ಹುಡುಗರು ಅಪ್ಪನ ಪೊಟ್ಟಣದಿಂದ ಕಾರ್ಡ್ ತೆಗೆದು, ಹಿಂಬದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ, ಆ ನಂಬರಿನ ಖಾನೆಗೆ ಒತ್ತುತ್ತಿದ್ದರು. ಹಿಂಬದಿಯಲ್ಲಿ ಆಟಗಾರನ ಬಗ್ಗೆ ಬರೆದದ್ದು ಮುಚ್ಚಿಹೋಗುತ್ತಲ್ಲ, ಅದಕ್ಕೇ ಆಲ್ಬಂನ ಪುಟದಲ್ಲೇ ಆ ಬರಹವನ್ನು ಅಚ್ಚು ಹಾಕಿರುತ್ತಿದ್ದರು. ಅವರ ಮಟ್ಟಿಗೆ ಕೆಲಸ ಅಚ್ಚುಕಟ್ಟು. ಅನುಭವಿಸುತ್ತಿರುವವರು ನಾವು.

ಯಾಕಂದರೆ ಈಗ ಮಾರುಕಟ್ಟೆಗೆ ಬರುವ ಬಿಡಿ ಕಾರ್ಡ್‌ಗಳಲ್ಲಿ ಆಲ್ಬಂನಿಂದ ಕಿತ್ತವು ಎಷ್ಟೋ ಇರುತ್ತವೆ. ಕೀಳುವುದಕ್ಕೆ ಎರಡು ಉಪಾಯ. ಚಾಕುವಿನ ತುದಿ ತೂರಿಸಿ ಎಬ್ಬಿಸುವುದು ಒಂದು. ಆಗ ಆಲ್ಬಂನ ಕಾಗದ ಕಾರ್ಡಿನ ಬೆನ್ನಿಗೇ ಅಂಟಿಕೊಂಡು ಬರುತ್ತದೆ, ಇಲ್ಲವೇ ಕಾರ್ಡಿನ ಬೆನ್ನಿನ ಪದರವೇ ಸುಲಿದು ಆಲ್ಬಂನಲ್ಲಿ ಉಳಿಯುತ್ತದೆ. ಎರಡನೆಯದು ನೀರಲ್ಲಿ ನೆನೆಸುವುದು. ಕಾಗದ ಬಿಡುತ್ತದೆ, ಅಂಟೂ ಹೋಗುತ್ತದೆ, ಜೊತೆಗೆ ಮುಂಭಾಗದ ಹೊಳಪು ಕೂಡ. ಒಣಗಿದ ಮೇಲೆ ಕಾರ್ಡ್ ಸಣ್ಣಗೆ ಅಲೆ ಎದ್ದಿರುತ್ತದೆ. ಯಾವ ರೀತಿ ಕಿತ್ತರೂ ಸಂಗ್ರಹಕಾರರ ಲೆಕ್ಕದಲ್ಲಿ ಅದರ ಬೆಲೆ ಪಾತಾಳಕ್ಕೆ. ಒಂದೆರಡು ಪೌಂಡಿನ ಕಾರ್ಡ್ ಪೆನ್ಸ್ ಲೆಕ್ಕಕ್ಕೆ ಇಳಿಯುತ್ತದೆ.

ಹರಾಜಿನ ಸೈಟ್‌ನಲ್ಲಿ ಮಾರುವವರು ಹಾಕುವ ಫೋಟೊ ಯಾವುದು ಹೇಳಿ? ಮುಂಭಾಗದ್ದು. ನನಗೆ ಬೇಕಾದ ಬ್ರಾಡ್ಮನ್ ಕಾರ್ಡ್ ಹೀಗೆ ಒಂದು ದಿನ ಕಣ್ಣಿಗೆ ಬಿತ್ತು. ಮೂಲೆಗಳು ಚೂಪಾಗಿ, ಬಣ್ಣ ಗಟ್ಟಿಯಾಗಿ, ಎಲ್ಲೂ ಗೀರಿಲ್ಲ. ವಿವರಣೆಯಲ್ಲಿ ‘ವೆರಿ ಗುಡ್’ ಅಂತ ಬರೆದಿತ್ತು. ಹಿಂಬದಿಯ ಫೋಟೊ ಇರಲಿಲ್ಲ. ಮೆಸೇಜ್ ಮಾಡಿ ಕೇಳಿದೆ. ‘ಹಿಂಬದಿ ಅದರ ವಯಸ್ಸಿಗೆ ತಕ್ಕಂತೆ ಇದೆ’ ಅಂತ ಉತ್ತರ ಬಂತು. ಎಂಬತ್ತು ದಾಟಿದ ವಸ್ತುವಿನ ಬಗ್ಗೆ ಈ ಮಾತು ಹೇಳಿದರೆ ಸುಳ್ಳು ಅನ್ನುವ ಹಾಗೂ ಇಲ್ಲ, ನಿಜ ಅನ್ನುವ ಹಾಗೂ ಇಲ್ಲ. ಹರಾಜು ಮುಗಿಯುವುದಕ್ಕೆ ಸ್ವಲ್ಪವೇ ಹೊತ್ತಿತ್ತು. ಎರಡು ತಿಂಗಳ ಬಜೆಟ್ ಒಟ್ಟು ಸೇರಿಸಿ ಬಿಡ್ ಹಾಕಿದೆ, ಗೆದ್ದೆ.

ಕಾರ್ಡ್ ಬಂತು. ಮುಂಭಾಗ ಫೋಟೊದಲ್ಲಿದ್ದ ಹಾಗೇ ಇತ್ತು. ತಿರುಗಿಸಿದರೆ ಬೆನ್ನಿನ ಮುಕ್ಕಾಲು ಭಾಗಕ್ಕೆ ಆಲ್ಬಂನ ಕಾಗದ ಗಟ್ಟಿಯಾಗಿ ಕೂತಿದೆ. ಆಲ್ಬಂ ಹಾಳೆಯ ಎರಡೂ ಬದಿ ಅಚ್ಚಾಗಿರುತ್ತದೆ ತಾನೆ? ಹರಿದು ಬಂದ ಆ ಕಾಗದದ ಮೇಲೆ ಆಚೆ ಪುಟದ ಬರಹ ಕಾಣುತ್ತಿತ್ತು. ಬ್ರಾಡ್ಮನ್ ಬೆನ್ನ ಮೇಲೆ ಇನ್ಯಾವನೋ ಆಟಗಾರನ ಬೌಲಿಂಗ್ ಬಗ್ಗೆ ಅರ್ಧ ವಾಕ್ಯ, ಅದರ ಪಕ್ಕದಲ್ಲಿ ಒಂದು ಖಾನೆಯ ಗೆರೆ. ಕಾರ್ಡಿನ ನಂಬರ್ ಓದುವುದಕ್ಕೂ ಆಗದು. ಒಂದು ಮೂಲೆಯಲ್ಲಿ ಕಾಗದ ಎಬ್ಬಿಸಲು ಯಾರೋ ಉಗುರು ಹಾಕಿ ಕೆರೆದು, ಅಷ್ಟು ಜಾಗ ತೆಳ್ಳಗಾಗಿ, ಬೆಳಕಿಗೆ ಹಿಡಿದರೆ ಆಚೆ ಬದಿಯ ಬಣ್ಣ ಕಾಣುತ್ತಿತ್ತು.

ದೂರು ಕೊಟ್ಟೆ. ‘ಫೋಟೊದಲ್ಲಿ ಏನಿತ್ತೋ ಅದನ್ನೇ ಕಳಿಸಿದ್ದೇನೆ, ಹಿಂಬದಿ ಹೊಸದರ ಹಾಗಿದೆ ಅಂತ ನಾನು ಹೇಳಿಲ್ಲ’ ಅಂತ ಬಂತು ಉತ್ತರ. ವಾದ ನೋಡಿ! ಕೊನೆಗೆ ಅರ್ಧ ದುಡ್ಡು ವಾಪಸ್ ಕೊಡುತ್ತೇನೆ, ಕಾರ್ಡ್ ನೀವೇ ಇಟ್ಟುಕೊಳ್ಳಿ ಅಂದರು. ಕಾರ್ಡನ್ನು ಟ್ರ್ಯಾಕಿಂಗ್ ಹಾಕಿ ವಾಪಸ್ ಕಳಿಸಿ, ವಾರಗಟ್ಟಲೆ ಕಾಯುವ ತಾಳ್ಮೆ ನನಗಿರಲಿಲ್ಲ. ಒಪ್ಪಿಕೊಂಡೆ.

ಇಲ್ಲಿ ಕಾನೂನಿನ ಮಾತೊಂದು ಗೊತ್ತಿರಲಿ. ಬ್ರಿಟನ್ನಿನಲ್ಲಿ ವ್ಯಾಪಾರಿಯಿಂದ ಆನ್‌ಲೈನಿನಲ್ಲಿ ಕೊಂಡರೆ, ವಸ್ತು ಕೈ ಸೇರಿದ 14 ದಿನದೊಳಗೆ ಕಾರಣ ಹೇಳದೆಯೇ ಬೇಡ ಅನ್ನಬಹುದು. 2013ರ ನಿಯಮ ಇದು. ಮಾರುವವರು ಖಾಸಗಿ ವ್ಯಕ್ತಿಯಾದರೆ ಈ ಅನುಕೂಲ ಇಲ್ಲ, ವಸ್ತು ವಿವರಣೆಗೆ ಹೊಂದುವುದಿಲ್ಲ ಅಂತ ನೀವೇ ತೋರಿಸಬೇಕು. ‘ವಯಸ್ಸಿಗೆ ತಕ್ಕಂತೆ’ ಅನ್ನುವ ವಿವರಣೆಗೆ ಯಾವುದು ತಾನೆ ಹೊಂದುವುದಿಲ್ಲ? ಹರಾಜಿನ ಸೈಟ್‌ನಲ್ಲಿ ಅಟ್ಟ ಖಾಲಿ ಮಾಡುವವರು, ವ್ಯಾಪಾರಿಗಳು ಎಲ್ಲ ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಯಾರು ಯಾರು ಅಂತ ನೋಡಲು ಪುಟದ ತಳಕ್ಕೆ ಹೋಗಿ ಸಣ್ಣಕ್ಷರ ಓದಬೇಕು.

ಅಂಟಿಸಿ ಕಿತ್ತ ಕಾರ್ಡನ್ನು ಮುಂಭಾಗದ ಫೋಟೊದಲ್ಲೇ ಹಿಡಿಯಲು ಆಗುವುದಿಲ್ಲವೇ ಅಂದರೆ, ಕೆಲವು ಸಲ ಆಗುತ್ತದೆ. ನೆನೆಸಿದ ಕಾರ್ಡಿನ ಹೊಳಪು ಎಲ್ಲ ಕಡೆ ಒಂದೇ ಸಮ ಮಂಕಾಗಿರುತ್ತದೆ. ಓರೆ ಬೆಳಕಿನಲ್ಲಿ ತೆಗೆದ ಫೋಟೊ ಆದರೆ ಅಲೆ ಕಾಣುತ್ತದೆ. ಫೋಟೊ ಬದಲು ಸ್ಕ್ಯಾನ್ ಹಾಕಿದ್ದರೆ ಮಾತ್ರ ಕಷ್ಟ. ಸ್ಕ್ಯಾನರಿನ ಮುಚ್ಚಳ ಕಾರ್ಡನ್ನು ಗಾಜಿಗೆ ಒತ್ತಿ ಹಿಡಿಯುತ್ತದೆ, ಅಲೆಯೆಲ್ಲ ಚಪ್ಪಟೆ. ಮೇಜಿನ ಮೇಲೆ ಮೊಬೈಲಿನಲ್ಲಿ ತೆಗೆದ ಕೆಟ್ಟ ಫೋಟೊವನ್ನು ನಾನು ಚೆಂದದ ಸ್ಕ್ಯಾನ್‌ಗಿಂತ ಜಾಸ್ತಿ ನಂಬುತ್ತೇನೆ.

ಎಂದೂ ಆಲ್ಬಂ ನೋಡದ ಕಾರ್ಡ್‌ಗೂ ಈ ಅಂಟಿನ ಕಾಟ ತಪ್ಪಿದ್ದಲ್ಲ. ತೇವದ ಜಾಗದಲ್ಲಿ ಕಟ್ಟು ಕಟ್ಟಿ ಇಟ್ಟಿದ್ದರೆ ಒಂದರ ಬೆನ್ನು ಇನ್ನೊಂದರ ಮುಖಕ್ಕೆ ಹಿಡಿದುಕೊಂಡಿರುತ್ತದೆ. ಬಿಡಿಸಿದಾಗ ಕೆಳಗಿನವನ ಮುಖದ ಮೇಲೆ ಬಿಳಿ ಮಚ್ಚೆ. ಇದು ಮುಂಭಾಗದಲ್ಲೇ ಕಾಣುವುದರಿಂದ ಮೋಸ ಕಡಿಮೆ.

ಅಂಚೆ ಖರ್ಚಿನಲ್ಲೂ ಹರಾಜಿನ ಸೈಟ್ ಸೋಲುತ್ತದೆ. ಒಬ್ಬೊಬ್ಬ ಮಾರುವವನಿಗೂ ಬೇರೆ ಬೇರೆ ಅಂಚೆ. ಕಾರ್ಡಿಗಿಂತ ಲಕೋಟೆಯೇ ದುಬಾರಿ. ರಾಯಲ್ ಮೇಲ್ ಲೆಕ್ಕದಲ್ಲಿ 5 ಮಿಲಿಮೀಟರ್ ದಪ್ಪದವರೆಗೆ ಮಾಮೂಲಿ ಪತ್ರ, ಅದು ದಾಟಿದರೆ ದೊಡ್ಡ ಪತ್ರ, ದರ ಬೇರೆ. ಕೆಲವರು ಎರಡು ರಟ್ಟು, ಒಂದು ಗುಳ್ಳೆ ಕವರ್ ಎಲ್ಲ ಹಾಕಿ ದಪ್ಪ ಮಾಡಿ, ಮಾಮೂಲಿ ಪತ್ರದ ಸ್ಟಾಂಪ್ ಅಂಟಿಸಿಬಿಡುತ್ತಾರೆ. ಬಾಕಿ ದುಡ್ಡು ಕಟ್ಟಿ ಬಿಡಿಸಿಕೊಳ್ಳಿ ಅಂತ ಚೀಟಿ ನಮ್ಮ ಮನೆಗೆ ಬರುತ್ತದೆ. ಬಾರ್‌ಕೋಡ್ ಇಲ್ಲದ, ರಾಣಿಯ ತಲೆಯ ಮಾಮೂಲಿ ಸ್ಟಾಂಪ್‌ಗಳು 2023ರ ಜುಲೈ ಕೊನೆಗೆ ರದ್ದಾದವು. ಹಳೇ ವಸ್ತು ಮಾರುವವರ ಮನೆಯಲ್ಲಿ ಹಳೇ ಸ್ಟಾಂಪೂ ಇರುತ್ತದೆ ಅಲ್ವಾ? ಒಬ್ಬರು ಅದನ್ನೇ ಹಚ್ಚಿ ಕಳಿಸಿದರು, ದಂಡ ಕಟ್ಟಿದ್ದು ನಾನು.

ಪ್ಯಾಕಿಂಗ್ ಬಗ್ಗೆ ಒಂದು ಸಣ್ಣ ಮಾತು. ಇಂದಿನ ಕಾರ್ಡ್‌ಗಳ ಅಳತೆಗೆ ಮಾಡಿದ ಗಟ್ಟಿ ಪ್ಲಾಸ್ಟಿಕ್ ಹೋಲ್ಡರ್‌ನಲ್ಲಿ ಇವನ್ನು ಹಾಕಿ ಕಳಿಸುತ್ತಾರೆ. ಹೋಲ್ಡರ್ ಅಗಲ ಸುಮಾರು ಎರಡೂವರೆ ಇಂಚಿನ ಕಾರ್ಡಿಗೆ, ಸಿಗರೇಟ್ ಕಾರ್ಡ್ ಇರುವುದು 36 ಮಿಲಿಮೀಟರ್ ಅಗಲ, 68 ಉದ್ದ. ಒಳಗೆ ಗಡಗಡ ಅಲ್ಲಾಡಿ ಮೂಲೆ ಮೊಂಡಾಗುತ್ತದೆ.

ಈಗ ಡೀಲರ್. ಸಿಗರೇಟ್ ಕಾರ್ಡ್ ಮಾರಿಯೇ ಜೀವನ ಮಾಡುವ ಸಂಸ್ಥೆಗಳು ಈ ದೇಶದಲ್ಲಿ ಹಳೆಯವು. ಲಂಡನ್ ಸಿಗರೇಟ್ ಕಾರ್ಡ್ ಕಂಪನಿ ಶುರುವಾಗಿದ್ದು 1927ರಲ್ಲಿ, ಅಂದರೆ ನನ್ನ ಸೆಟ್ ಅಚ್ಚಾಗುವುದಕ್ಕೂ ಮುಂಚೆ. ಸಣ್ಣ ಸಣ್ಣವರೂ ಇದ್ದಾರೆ, ಗಂಡ ಹೆಂಡತಿ ಇಬ್ಬರೇ ನಡೆಸುವಂಥವು. ನಾನು ಹಿಡಿದದ್ದು ಅಂಥ ಒಬ್ಬರನ್ನು. ಅವರ ಸೈಟ್ ನೋಡಿದರೆ ಇಪ್ಪತ್ತು ವರ್ಷದಿಂದ ಯಾರೂ ಮುಟ್ಟಿಲ್ಲ ಅನ್ನಿಸುತ್ತದೆ. ಸೆಟ್ಟಿನ ಹೆಸರು, ಕೆಳಗೆ ಒಂದರಿಂದ ಐವತ್ತರವರೆಗೆ ನಂಬರ್, ಪಕ್ಕದಲ್ಲಿ ಬೆಲೆ, ಟಿಕ್ ಹಾಕಲು ಒಂದು ಚೌಕ. ಫೋಟೊ ಇಡೀ ಸೆಟ್ಟಿಗೆ ಒಂದೇ, ಅದೂ ಮಾದರಿಗೆ.

ಮೊದಲ ಸಲ ನೋಡಿದಾಗ ಇದೇನು ಕುರುಡು ವ್ಯಾಪಾರ ಅನ್ನಿಸುವುದು ಸಹಜ. ಆದರೆ ಅವರ ಪುಟದ ಮೇಲ್ಭಾಗದಲ್ಲೇ ಒಂದು ಸಾಲಿದೆ: ಅಂಟಿಸಿದ, ಕಿತ್ತ, ನೆನೆಸಿದ ಕಾರ್ಡ್‌ಗಳನ್ನು ಬಿಡಿ ಕಾರ್ಡ್ ಪಟ್ಟಿಯಲ್ಲಿ ಸೇರಿಸುವುದಿಲ್ಲ. ನನಗೆ ಬೇಕಿದ್ದ ಮಾತು ಅಷ್ಟೇ. ಹರಾಜಿನ ಸೈಟ್‌ನಲ್ಲಿ ಪ್ರತಿ ಕಾರ್ಡಿಗೂ ಫೋಟೊ ಇದ್ದೂ ಬೆನ್ನು ಹೇಗಿದೆ ಅಂತ ಗೊತ್ತಾಗಲಿಲ್ಲ. ಇಲ್ಲಿ ಒಂದೂ ಫೋಟೊ ಇಲ್ಲದೆ ಗೊತ್ತಾಯಿತು. ಬಂದ ಕಾರ್ಡ್‌ಗಳೂ ಹಾಗೇ ಇದ್ದವು. ಹಿಂಬದಿಯ ಅಂಟು ಹಾಗೇ, ಓರೆಯಾಗಿ ಹಿಡಿದರೆ ಮಿಣುಗುವಷ್ಟು ಹೊಸದಾಗಿತ್ತು. ಎಂಬತ್ತು ವರ್ಷದಿಂದ ಒಂದು ನಾಲಿಗೆಯೂ ಅದನ್ನು ಮುಟ್ಟಿಲ್ಲ.

ಪಟ್ಟಿಯಲ್ಲಿ ನಾನು ಕೇಳಿದ ಒಂದು ನಂಬರ್ ಖಾಲಿಯಾಗಿತ್ತು. ಆರ್ಡರ್ ಹಾಕಿದ ಮಧ್ಯಾಹ್ನ ಆ ಮನೆಯ ಹಿರಿಯ ಹೆಂಗಸು ಫೋನ್ ಮಾಡಿದರು. ಇರುವುದು ಒಂದೇ, ಅದರ ಬೆನ್ನಿಗೆ ಆಲ್ಬಂ ಕಾಗದ ಇದೆ, ನಿಮಗೆ ಅಂಥದ್ದು ಬೇಡ ಅಲ್ವಾ, ಒಳ್ಳೆಯದು ಬಂದಾಗ ತೆಗೆದಿಡುತ್ತೇನೆ ಅಂದರು. ಒಂದೂವರೆ ಪೌಂಡಿನ ಕಾರ್ಡಿಗೆ ಫೋನ್! ಮುಂದಿನ ತಿಂಗಳ ಲಕೋಟೆಯಲ್ಲಿ ಅದು ಬಂತು, ಮೇಲೆ ಪೆನ್ಸಿಲ್‌ನಲ್ಲಿ ನಂಬರ್ ಬರೆದ ಸಣ್ಣ ಚೀಟಿ ಸಮೇತ.

ಅವರ ಪ್ಯಾಕಿಂಗ್ ಕೂಡ ಬೇರೆ. ಎಷ್ಟು ಕಾರ್ಡ್ ಇದ್ದರೂ ಎರಡೆರಡು ಸಾಲಾಗಿ ತೆಳು ಕಾಗದದಲ್ಲಿ ಸುತ್ತಿ, ಎರಡು ರಟ್ಟಿನ ನಡುವೆ ಇಟ್ಟು, ಸುತ್ತ ಕಾಗದದ ಪಟ್ಟಿ. ಅಂಟುಪಟ್ಟಿ ಎಲ್ಲೂ ಕಾರ್ಡಿನ ಹತ್ತಿರ ಸುಳಿಯುವುದಿಲ್ಲ. 5 ಮಿಲಿಮೀಟರ್ ದಾಟುವುದೂ ಇಲ್ಲ. ಹತ್ತು ಕಾರ್ಡಿಗೂ ಒಂದಕ್ಕೂ ಅಂಚೆ ಒಂದೇ.

ಡೀಲರ್ ದಾರಿಯ ತೊಂದರೆ ಹೇಳದೆ ಬಿಟ್ಟರೆ ನ್ಯಾಯ ಅಲ್ಲ. ಚೌಕಾಸಿ ಇಲ್ಲ. ಅದೃಷ್ಟದ ಆಟ ಇಲ್ಲ, ಎಂದೂ ಚಿಲ್ಲರೆ ಕಾಸಿಗೆ ಬಂಗಾರ ಸಿಗುವುದಿಲ್ಲ. ಕನಿಷ್ಠ ಇಷ್ಟು ಪೌಂಡಿನ ಆರ್ಡರ್ ಇರಬೇಕು ಅನ್ನುವ ಷರತ್ತು ಹಲವರದು, ಹಾಗಾಗಿ ಕೊನೆಗೆ ಒಂದೇ ಕಾರ್ಡ್ ಉಳಿದಾಗ ಬೇಡದ್ದನ್ನೂ ಸೇರಿಸಿ ಕೊಳ್ಳಬೇಕಾಗುತ್ತದೆ. ನಾನು ಹಾಗೇ 1934ರ ಪಟೌಡಿ ಕಾರ್ಡ್ ಕೊಂಡೆ, ಈಗ ಆ ಸೆಟ್ಟೂ ಶುರುವಾಗಿದೆ. ಬಣ್ಣ ಹೊಂದುವ ಖಾತ್ರಿಯೂ ಇಲ್ಲ. ನನ್ನ ಲಾಟ್‌ನ ಕಾರ್ಡ್‌ಗಳು ಕೆನೆ ಬಣ್ಣ, ಡೀಲರ್ ಕಳಿಸಿದವು ಬಿಳಿ. ಆಲ್ಬಂನ ಮೂರನೇ ಹಾಳೆಯಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ.

ಇನ್ನುಳಿದ ದಾರಿಗಳಿಗೆ ಒಂದೊಂದು ಸಾಲು ಸಾಕು. ಹರಾಜು ಮನೆಗಳ ಆನ್‌ಲೈನ್ ಮಾರಾಟದಲ್ಲಿ ಕೂಗಿದ ಬೆಲೆಯ ಮೇಲೆ ಕೊಳ್ಳುವವರ ಕಮಿಷನ್ ಬೀಳುತ್ತದೆ, ನಮ್ಮಂಥ ಸಣ್ಣ ಸೆಟ್ಟಿಗೆ ಅದು ದಂಡ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಗ್ರೇಡ್ ಕೊಟ್ಟ ಕಾರ್ಡ್‌ಗಳು ಸಿಗುತ್ತವೆ, ಆದರೆ ಒಂದು ಡಬ್ಬಿ ಬಂದರೆ ಉಳಿದ ನಲವತ್ತೊಂಬತ್ತನ್ನು ಅದರ ಪಕ್ಕ ಹೇಗೆ ಇಡುತ್ತೀರಿ? ಹಳೇ ಸೆಟ್‌ಗಳ ಮರುಮುದ್ರಣಗಳೂ ಓಡಾಡುತ್ತವೆ, ಪ್ರಾಮಾಣಿಕವಾಗಿ ಮಾಡಿದವುಗಳ ಬೆನ್ನ ಮೇಲೆ ಹಾಗಂತ ಬರೆದೇ ಇರುತ್ತದೆ. ನೋಡಿ, ಮತ್ತೆ ಬೆನ್ನಿಗೇ ಬಂತು ವಿಷಯ.

ತೀರ್ಪು ನನ್ನ ಅಭ್ಯಾಸಕ್ಕೆ ತಕ್ಕ ಹಾಗೆ ಇದೆ, ಮುಚ್ಚಿಡುವುದಿಲ್ಲ. ನಾನು ತಿಂಗಳಿಗೊಮ್ಮೆ ಕೂತು, ಪಟ್ಟಿಗೆ ಟಿಕ್ ಹಾಕಿ, ಒಂದೇ ಲಕೋಟೆಗೆ ಕಾಯುವವನು. ಮಾರುವವರ ಜೊತೆ ಮೆಸೇಜ್‌ನಲ್ಲಿ ಜಗಳ ಆಡುವ ಉತ್ಸಾಹ ಇಲ್ಲ. ಕಾರ್ಡ್ ತಿರುಗಿಸಿ ಹಿಂಬದಿಯ ಬರಹ ಓದುವುದು ನನಗೆ ಮುಂಭಾಗ ನೋಡಿದಷ್ಟೇ ಮುಖ್ಯ. ಅರ್ಧ ಸೆಟ್ಟಿಗೆ ಒಂದು ಲಾಟ್, ಉಳಿದದ್ದಕ್ಕೆ ಡೀಲರ್, ಇದು ನನ್ನ ಲೆಕ್ಕ. ಬೆನ್ನು ಹೇಗಿದ್ದರೇನು, ಫ್ರೇಮ್ ಹಾಕಿ ಗೋಡೆಗೆ ತೂಗುಹಾಕುತ್ತೇನೆ ಅನ್ನುವವರಿಗೆ ನನ್ನ ಈ ಅಂಟಿನ ಪುರಾಣವೆಲ್ಲ ವ್ಯರ್ಥ. ಅವರು ಹರಾಜಿನ ಸೈಟ್‌ನಲ್ಲಿ ಅಂಟಿದ ಕಾರ್ಡ್‌ಗಳನ್ನೇ ಹುಡುಕಿ ಕೊಂಡರೆ ಸೆಟ್ ಕಾಲು ಬೆಲೆಗೆ ಮುಗಿಯುತ್ತದೆ.

ಹರಾಜಿನ ಸೈಟ್‌ನಲ್ಲೇ ಕೊಳ್ಳುತ್ತೇನೆ ಅನ್ನುವವರು ಬಿಡ್ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿ. ಇದು ಆಲ್ಬಂನಿಂದ ತೆಗೆದದ್ದಾ? ಹಿಂಬದಿಯ ಅಕ್ಷರ ಪೂರ್ತಿ ಓದಬಹುದಾ? ಹೌದು ಅಥವಾ ಇಲ್ಲ ಅಂತ ನೇರ ಉತ್ತರ ಬಂದರೆ ಸರಿ, ಆ ಮೆಸೇಜ್ ಆಮೇಲೆ ದೂರಿಗೂ ಆಗುತ್ತದೆ. ವಯಸ್ಸಿನ ಮಾತು ತೆಗೆದರೆ ಮುಂದಿನ ಕಾರ್ಡ್ ನೋಡಿ.

ಯಾವ ದಾರಿ ಹಿಡಿದರೂ ಬ್ರಾಡ್ಮನ್ ಕಾರ್ಡನ್ನು ಕೊನೆಗೆ ಬಿಡಬೇಡಿ. ನಲವತ್ತೊಂಬತ್ತು ಆದ ಮೇಲೆ ಒಂದೇ ಖಾನೆ ಖಾಲಿ ಉಳಿದರೆ ಕೈ ತಡೆಯುವುದಿಲ್ಲ, ಹಿಂಬದಿ ಹೇಗಿದ್ದರೂ ಹೇಳಿದ ಬೆಲೆ ಕೊಟ್ಟುಬಿಡುತ್ತೇವೆ. ಐದಾರು ಕಾರ್ಡ್ ಇದ್ದಾಗಲೇ ಡೀಲರ್ ಪಟ್ಟಿಯಲ್ಲಿ ಅವನಿಗೆ ಟಿಕ್ ಹಾಕಿ, ಎರಡು ಮೂರು ತಿಂಗಳು ಬೇರೇನೂ ಕೊಳ್ಳದೆ ಇದ್ದರಾಯಿತು. ನನ್ನ ಎರಡನೇ ಬ್ರಾಡ್ಮನ್, ಬೆನ್ನು ಸರಿಯಿರುವವನು, ಬಂದದ್ದು ಡೀಲರ್ ಮನೆಯಿಂದಲೇ. ಬೆಲೆ ಹರಾಜಿನಲ್ಲಿ ಕೊಟ್ಟದ್ದಕ್ಕಿಂತ ಆರು ಪೌಂಡ್ ಜಾಸ್ತಿ.